ಬಾಜೂ ಮಂಚದ ಬ್ಯಾನಿ

ಹೊಸ ಚಾದರಕ್ಕೆ ಒಂದು ವಾಸನೆ ಇರುತ್ತದೆ. ಒಮ್ಮೆಯೂ ನೀರು ಕಾಣದ ಬಟ್ಟೆಯ ಗಂಜಿ, ಅಂಗಡಿಯ ಕಪಾಟಿನ ಧೂಳು, ಎರಡೂ ಬೆರೆತ ವಾಸನೆ. ಮನೆಯಲ್ಲಾದರೆ ಅದು ಹಬ್ಬದ ವಾಸನೆ. ದವಾಖಾನೆಯಲ್ಲಿ ಬಂದರೆ ಮಾತ್ರ ನನ್ನ ಕೈಕಾಲು ತಣ್ಣಗಾಗುತ್ತವೆ. ಜೀವಮಾನವೆಲ್ಲ ದವಾಖಾನೆಯ ಅನ್ನ ಉಂಡವನು ಹೀಗೆ ಹೇಳಿಕೊಳ್ಳುವುದು ಶೋಭೆಯಲ್ಲ. ಆದರೆ ಶೋಭೆಯ ವಯಸ್ಸು ಮುಗಿದು ಬಹಳ ದಿನವಾಯಿತು.

ಮೊನ್ನೆ ಮಸ್ಕಿಯಲ್ಲಿ ತಂಗಿಯ ಮನೆಗೆ ಹೋದವನು ಅಂಗಳದಲ್ಲಿ ತಲೆ ಸುತ್ತಿ ಕುಳಿತುಬಿಟ್ಟೆ. "ಊರ ಮಂದಿಗೆಲ್ಲ ಸೂಜಿ ಚುಚ್ಚಿ ಬಂದಿ, ಈಗ ನಿನ್ನ ಪಾಳಿ, ನಡಿ" ಎಂದು ತಂಗಿ ಹತ್ತಿರದ ದವಾಖಾನೆಗೆ ಎಳೆದೊಯ್ದಳು. ಹೊಸ ದವಾಖಾನೆ. ಮಂಚದ ಮೇಲಿನ ಚಾದರವೂ ಹೊಸದು, ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ನರ್ಸ್ ಹುಡುಗಿಯೊಬ್ಬಳು ಬಂದು ರಟ್ಟೆಗೆ ಬಿ.ಪಿ. ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, "ನೂರಾ ಇಪ್ಪತ್ತು, ಎಂಬತ್ತು" ಎಂದಳು.

ನನ್ನ ಎದೆ ಧಸಕ್ಕೆಂದಿತು. ಆ ಪಟ್ಟಿ ಕಟ್ಟಿಸಿಕೊಂಡ ಮನುಷ್ಯನಿಗೆ ಅದಕ್ಕಿಂತ ಶುಭವಾರ್ತೆ ಇಲ್ಲ. ಆದರೂ ಧಸಕ್ಕೆಂದಿತು. ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಸುತ್ತತೊಡಗಿದಳು.

"ಯಾಕವ್ವಾ, ಮತ್ತ?"

"ಸುಮ್ನ ಮಲಕೋರಿ ಅಜ್ಜಾ, ಮಾತಾಡಬ್ಯಾಡ್ರಿ."

ಸುಮ್ಮನೆ ಮಲಗಿದೆ. ಗಂಜಿಯ ವಾಸನೆ ಮೂಗಿಗೆ ಅಡರಿತು. ಸಿಂಧನೂರಿನ ಆ ಶ್ರಾವಣ ಎದುರಿಗೆ ಬಂದು ನಿಂತಿತು.

ನಾನು ನರ್ಸು. ಗಂಡಸು ಹೀಗೆಂದರೆ ಕೇಳಿದವರು ಒಂದು ಗಳಿಗೆ ನನ್ನ ಮೀಸೆ ನೋಡುತ್ತಾರೆ, ನಾನೂ ನೋಡಿಕೊಳ್ಳಲು ಬಿಡುತ್ತೇನೆ. ಲಿಂಗಸೂಗೂರಿನವನು. ಅರ್ಧ ಆಯುಷ್ಯ ಸರಕಾರಿ ವಾರ್ಡಿನಲ್ಲಿ, ಉಳಿದರ್ಧ ನರ್ಸಿಂಗ್ ಕಲಿಸುವುದರಲ್ಲಿ ಕಳೆದು ನಿವೃತ್ತನಾದೆ. ಮನೆಯಲ್ಲಿ ಕುಳಿತರೆ ಹೆಂಡತಿಯ ಅಡುಗೆಗೂ ಚಾರ್ಟು ಹಾಕುತ್ತೇನೆಂದು ಹೆದರಿ, ಮನೆಯವರೇ ನನ್ನನ್ನು ಸಿಂಧನೂರಿನ ಖಾಸಗಿ ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲ್ ಹುದ್ದೆಗೆ ಕಳಿಸಿಕೊಟ್ಟರು. ಊರವರ ಬಾಯಲ್ಲಿ ನನ್ನ ಪದವಿ "ಸಿಸ್ಟರ್ ಸಾಲಿ ಹೆಡ್ಮಾಸ್ತರ" ಎಂದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಶಾಲೆಯ ಸೆಕ್ರೆಟರಿ ಚೆನ್ನಪ್ಪ ಸಾಹುಕಾರರದು ಮೂಲದಲ್ಲಿ ಅಕ್ಕಿ ಗಿರಣಿ. ಗಿರಣಿಯ ಪಕ್ಕದಲ್ಲೇ ಕಟ್ಟಡ: ಮೇಲೆ ಶಾಲೆ, ಕೆಳಗೆ ದವಾಖಾನೆ. ಗಾಳಿ ಬೀಸಿದಾಗ ತೌಡಿನ ಪುಡಿ ಬಂದು ಅಸ್ಥಿಪಂಜರದ ತಲೆಯ ಮೇಲೆ ಕೂರುತ್ತಿತ್ತು. ನರ್ಸಿಂಗ್ ಶಾಲೆಗೆ ದವಾಖಾನೆ ಬೇಕು, ದವಾಖಾನೆಗೆ ರೋಗಿಗಳು ಬೇಕು ಎಂಬುದು ನಿಯಮ. ಮೊದಲನೆಯದನ್ನು ಸಾಹುಕಾರರು ಇಟ್ಟಿಗೆ ಸಿಮೆಂಟಿನಿಂದ ಪೂರೈಸಿದ್ದರು. ಎರಡನೆಯದು ದೇವರ ಕೈಯಲ್ಲಿತ್ತು. ಆತ ಅಷ್ಟಾಗಿ ಸಹಕರಿಸಿರಲಿಲ್ಲ.

ಸೇರಿದ ಹೊಸತರಲ್ಲಿ ಕೇಳಿದ್ದೆ: "ಸಾಹುಕಾರ್ರೆ, ಮಂಚ ಎಲ್ಲಾ ಖಾಲಿ ಅದಾವಲ್ರಿ? ಹುಡುಗ್ರು ಕಲಿಯೋದು ಹ್ಯಾಂಗ?"

"ಶ್ರಾವಣ ಬರ್ಲಿ ತಡೀರಿ ಸಾರ್, ತಾವ ತುಂಬ್ತಾವ."

ನಾನು ಒಪ್ಪಿಕೊಂಡೆ. ಕಾಲುವೆಗೆ ನೀರು ಬಿಡುತ್ತಾರೆ, ಗದ್ದೆ ತುಂಬುತ್ತದೆ, ಸೊಳ್ಳೆ ಏಳುತ್ತದೆ, ಜ್ವರ ಬರುತ್ತದೆ. ಹಳೆಯ ನರ್ಸಿನ ತಲೆ ಹೀಗೆ ಲೆಕ್ಕ ಹಾಕಿತು.

ಅಲ್ಲಿ ಸುಮಂಗಲಾ ಮೇಡಂ ಎಂಬ ಅಧ್ಯಾಪಕಿ ಇದ್ದರು. ಹೆರಿಗೆ ವಿಷಯ ಕಲಿಸುವವರು. ಒಂದು ರೋಗಕ್ಕೆ ಏಳು ಲಕ್ಷಣ ಇದ್ದರೆ ಏಳನ್ನೂ ಹೇಳಿಸದೆ ಮಕ್ಕಳನ್ನು ಊಟಕ್ಕೆ ಬಿಡುತ್ತಿರಲಿಲ್ಲ. ಅಂಥ ಶ್ರದ್ಧೆಯನ್ನು ನಾನು ಕಂಡದ್ದು ಕಡಿಮೆ. ಮೂರನೇ ವರ್ಷದಲ್ಲಿ ಶಂಪಾ ಎಂಬ ಹುಡುಗಿ ಇದ್ದಳು. ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪಿನವಳು. ಅಜ್ಜ ಅಜ್ಜಿ ಬಂಗಾಳದಿಂದ ಬಂದು ಇಲ್ಲಿ ಭತ್ತ ಹಚ್ಚಿದವರು. ಮನೆಯಲ್ಲಿ ಬಂಗಾಳಿ ಮಾತು, ಗೆಳತಿಯರ ಜೊತೆ ಜಗಳಕ್ಕೆ ಅಪ್ಪಟ ಸಿಂಧನೂರಿನ ಮಾತು. ಒಂದು ದಿನ ಪಾಠದ ಗೊಂಬೆಯ ಬಿ.ಪಿ. ನೋಡಿ ಬರೆಯಿರಿ ಎಂದಾಗ ಎಲ್ಲರೂ ನೂರಾ ಇಪ್ಪತ್ತು ಎಂಬತ್ತು ಎಂದು ಬರೆದಿದ್ದರು. ಇವಳೊಬ್ಬಳು "ಇಲ್ಲ" ಎಂದು ಬರೆದಿದ್ದಳು.

"ಏನಿದು?" ಎಂದೆ.

"ಗೊಂಬಿಗೆ ಎಲ್ಲಿ ಬಿ.ಪಿ. ಇರ್ತೈತ್ರಿ ಸಾರ್? ಕಿವಿಗಿ ಏನೂ ಕೇಳ್ಲಿಲ್ಲ."

ಗೆಳತಿಯರು ನಕ್ಕರು. ನಾನು ಗಾಂಭೀರ್ಯ ಕಾಪಾಡಿಕೊಳ್ಳಲು ಕಿಟಕಿಯ ಕಡೆ ನೋಡಿದೆ.

ಶ್ರಾವಣ ಬಂತು. ಮಳೆ ಹನಿಹನಿಯಾಗಿ ಬಂದು ಹೋಗುತ್ತಿತ್ತು, ಕರಿಮಣ್ಣು ಚಪ್ಪಲಿ ಬಿಡುತ್ತಿರಲಿಲ್ಲ. ತುರ್ವಿಹಾಳದ ಕಡೆ ನಾಟಿ ಮುಗಿದು ಗದ್ದೆಯೆಲ್ಲ ಎಳೆ ಹಸಿರಾಗಿತ್ತು. ಬೆಂಗಳೂರಿನಿಂದ ಇನ್‌ಸ್ಪೆಕ್ಷನ್ ಬರುವ ಸುದ್ದಿಯೂ ಬಂತು. ಶಾಲೆ ಇರಬೇಕೋ ಮುಚ್ಚಬೇಕೋ ಅವರು ಹೇಳುವವರು. ಹಿಂದಿನ ದಿನ ಸಾಹುಕಾರರು ನನ್ನನ್ನು ಕರೆದು, "ಸಾರ್, ನೀವು ಲಿಂಗಸೂಗೂರಿಗೆ ಹೋಗ್ರಿ. ಅವ್ರನ್ನ ಅಲ್ಲೇ ಗೆಸ್ಟ್ ಹೌಸಿನ್ಯಾಗ ಇಳಿಸೀನಿ. ಮುಂಜಾನಿ ನೀವಾ ಕರಕೊಂಡು ಬರ್ರಿ" ಎಂದರು.

"ಸಿಂಧನೂರಾಗ ಲಾಡ್ಜ್ ಇಲ್ಲೇನ್ರಿ?"

"ಅದಾವ್ರೀ. ಸೊಳ್ಳಿ ಭಾಳ. ದೊಡ್ಡೋರು ನಿದ್ದಿಗೆಟ್ರ ಬರವಣಿಗಿ ಕೆಡ್ತೈತಿ. ಲಿಂಗಸೂಗೂರಿನ್ಯಾಗ ಗಾಳಿ ಚಲೋ."

ನನ್ನ ಊರಿನ ಗಾಳಿಯನ್ನು ಹೊಗಳಿದ್ದರಿಂದ ನಾನು ಹೆಚ್ಚು ವಿಚಾರ ಮಾಡಲಿಲ್ಲ.

ಬಂದವರಲ್ಲಿ ಮುಖ್ಯರು ಒಬ್ಬ ಹಿರಿಯ ಮೇಡಂ. ಮೈಸೂರು ಕಡೆಯವರು, ಹಳೆಯ ಕಾಲದ ನರ್ಸು, ಕೂದಲೆಲ್ಲ ಬೆಳ್ಳಗೆ. ಜೊತೆಗೆ ಫೋನಿನಿಂದ ಕಣ್ಣೆತ್ತದ ಒಬ್ಬ ತರುಣ. ಬೆಳಗ್ಗೆ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು ಚಹಾ ಕುಡಿದೆವು. ತರುಣ ಮಂಡಕ್ಕಿ ಒಗ್ಗರಣೆಗೆ ಮಿರ್ಚಿ ಕಚ್ಚಿ ಕಣ್ಣೀರು ಹಾಕಿದ. ಮೇಡಂ ಕೇಳಿದರು: "ನಿಮ್ಮ ಆಸ್ಪತ್ರೆಗೆ ರೋಗಿಗಳು ಬರ್ತಾರಾ ಸಾರ್? ನಿಜ ಹೇಳಿ."

ನಾನು ಪಂಚಶೀಲ ಹೇಳಿಕೊಂಡು ಬೆಳೆದ ಬೌದ್ಧ ಮನೆಯವನು. ಅದರಲ್ಲಿ ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. "ಕಡಿಮೆ ಮೇಡಂ. ನಿನ್ನೆ ನಾನು ಹೊರಟಾಗ ವಾರ್ಡು ಬಹುತೇಕ ಖಾಲಿ ಇತ್ತು" ಎಂದೆ. ಅವರು ತಲೆಯಾಡಿಸಿದರು. ಇಂಥ ಉತ್ತರ ಅವರಿಗೆ ಸಿಕ್ಕು ಬಹಳ ಕಾಲವಾಗಿತ್ತೆಂದು ಕಾಣುತ್ತದೆ.

ಸಿಂಧನೂರು ತಲುಪಿದೆವು. ಗೇಟಿಗೆ ಬಾಳೆಕಂಬ. ವಾರ್ಡಿನ ಬಾಗಿಲು ತೆಗೆದ ಕೂಡಲೇ ಗಂಜಿಯ ವಾಸನೆ ಮುಖಕ್ಕೆ ಹೊಡೆಯಿತು. ಎಲ್ಲ ಮಂಚಕ್ಕೂ ಹೊಸ ಚಾದರ. ಎಲ್ಲ ಚಾದರದ ಮೇಲೂ ಒಬ್ಬೊಬ್ಬ ರೋಗಿ.

ಮೊದಲ ಮಂಚದಲ್ಲಿ ನಮ್ಮ ಗೇಟಿನೆದುರಿನ ಚಹಾ ಹೋಟೆಲಿನ ಮಹಿಬೂಬಸಾಬ್. ನಿನ್ನೆ ಮಧ್ಯಾಹ್ನ ನನಗೆ ಚಹಾದ ಕಪ್ಪು-ಬಸಿ ಕೊಟ್ಟ ಬಲಗೈ ಈಗ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು.

"ಏನಾತ್ರೀ?" ಎಂದೆ. ನಿಜವಾಗಿಯೂ ಗಾಬರಿಯಾಗಿ ಕೇಳಿದೆ.

"ಬಿದ್ದೀನ್ರಿ ಸಾರ್. ನಾಕು ದಿನ ಆತು" ಎಂದು ಅದೇ ಕೈ ಎತ್ತಿ ಸಲಾಂ ಮಾಡಿದರು.

ಹಿರಿಯ ಮೇಡಂ ಆ ಕೈಯನ್ನು ನೋಡಿ, "ಬೇಗ ಕೂಡಿದೆ" ಎಂದರು.

"ನಿಮ್ಮ ದುವಾ ರೀ ಮೇಡಂ."

ಮುಂದಿನ ಮಂಚದ ಹೃದ್ರೋಗಿ ದವಾಖಾನೆಯ ಪಥ್ಯದ ಮೊಟ್ಟೆಯ ತಟ್ಟೆಯನ್ನು ಕೈಯಿಂದ ದೂರ ಸರಿಸುತ್ತಿದ್ದ. "ತತ್ತಿ ಆಚೀಕ ಇಡವ್ವಾ. ಶ್ರಾವಣ ಸೋಮಾರ ಐತಿ. ನಾಳಿಗೆ ಕೊಡು, ತಿಂತೀನಿ."

"ನಾಳಿಗೆ ನೀ ಎಲ್ಲಿರ್ತಿಯೋ" ಎಂದು ಸಾಹುಕಾರರು ಹಲ್ಲು ಕಚ್ಚಿಕೊಂಡು ಗೊಣಗಿದರು. ನಾನು ಅವರನ್ನು ಮೂಲೆಗೆ ಕರೆದೆ.

"ಯಾರ್ರೀ ಇವ್ರೆಲ್ಲ?"

"ಪೇಷಂಟ್ ರೀ."

"ನಿನ್ನೆ ಎಲ್ಲಿದ್ರು?"

"ನಿನ್ನೆ ಆರಾಮಿದ್ರು." ಅವರು ನನ್ನ ಭುಜದ ಮೇಲೆ ಕೈಯಿಟ್ಟರು. "ನಾಟಿ ಮುಗದೈತಿ, ಮಂದಿ ಖಾಲಿ ಕುಂತಾರ. ನಾ ಹೇಳಿರ್ಲಿಲ್ಲೇನು, ಶ್ರಾವಣಕ್ಕ ತುಂಬ್ತಾವ ಅಂತ?"

ಜ್ವರದ ಲೆಕ್ಕ ಹಾಕಿದ್ದ ನನ್ನ ತಲೆ ಆಗ ಕೆಲಸ ನಿಲ್ಲಿಸಿತು. ಮೆರವಣಿಗೆ ಹೆರಿಗೆ ವಾರ್ಡಿಗೆ ಹೋಯಿತು, ನಾನೂ ಹಿಂದೆ ಹೋದೆ.

ಅಲ್ಲಿ ತುರ್ವಿಹಾಳದಿಂದ ಬಂದ ಇಬ್ಬರು, ಅಕ್ಕಪಕ್ಕದ ಮಂಚದಲ್ಲಿ. ಹುಲಿಗೆಮ್ಮ, ಅವಳ ನಾದಿನಿ ಯಂಕಮ್ಮ. ಯಂಕಮ್ಮನ ಬಸಿರು ಮಡಚಿದ ಕಂಬಳಿಯದೆಂದು ನನಗೆ ಆಮೇಲೆ ತಿಳಿಯಿತು. ಹುಲಿಗೆಮ್ಮನದು ನಿಜವಾದದ್ದು, ಎಂಟು ತಿಂಗಳು ತುಂಬಿತ್ತು. "ಒಂದರೆ ಖರೇ ಇರ್ಲಿ ಅಂತ ಹುಡುಕಿ ಕರಸೀನಿ" ಎಂದು ಸಾಹುಕಾರರು ನನ್ನ ಕಿವಿಯಲ್ಲಿ ಹೇಳಿದರು. ಅದು ಅವರ ಪ್ರಾಮಾಣಿಕತೆ.

ಸುಮಂಗಲಾ ಮೇಡಂ ತಮ್ಮ ಶ್ರದ್ಧೆಯನ್ನು ಇಲ್ಲಿಯೂ ಬಿಟ್ಟಿರಲಿಲ್ಲ. ಬರಿ ಮಲಗಿಸಿದರೆ ಸಾಲದು, ಕೇಳಿದರೆ ಹೇಳಲು ರೋಗ ಬೇಕಲ್ಲ. ಒಬ್ಬೊಬ್ಬರಿಗೂ ಪುಸ್ತಕದಲ್ಲಿದ್ದ ಹಾಗೆ ಲಕ್ಷಣ ಕಲಿಸಿ ಬಾಯಿಪಾಠ ಮಾಡಿಸಿದ್ದರು. ಯಂಕಮ್ಮನಿಗೆ ಬಸಿರಿನಲ್ಲಿ ಬಿ.ಪಿ. ಏರುವ ರೋಗ ಕೊಟ್ಟಿದ್ದರು: ತಲೆ ಸಿಡಿತ, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು. ಹುಲಿಗೆಮ್ಮ ಖರೇ ಬಸುರಿ ಆದದ್ದರಿಂದ ಅವಳಿಗೆ ಯಾವ ರೋಗವನ್ನೂ ಕೊಟ್ಟಿರಲಿಲ್ಲ. ಕೇಳಿದರೆ ಆರಾಮ ಎನ್ನಬೇಕು, ಅಷ್ಟೇ.

ಹಿರಿಯ ಮೇಡಂ ಹುಲಿಗೆಮ್ಮನ ಹತ್ತಿರ ನಿಂತರು. "ಹೇಗಿದ್ದೀಯಮ್ಮಾ?"

"ತಲಿ ಸಿಡ್ಯಾಕತ್ತೈತ್ರಿ" ಎಂದಳು ಹುಲಿಗೆಮ್ಮ. "ಕಣ್ಣು ಮಬ್ಬಾಗ್ಯಾವ. ನಿಮ್ಮ ಮಾರಿ ಎರಡೆರಡು ಕಾಣ್ತೈತಿ. ಇಲ್ಲಿ, ಎದಿ ಕೆಳಗ, ಹಿಂಡಿದಂಗ ಆಗ್ತೈತಿ."

ಸುಮಂಗಲಾ ಮೇಡಂ ನಗುಮುಖದಿಂದ ಬಗ್ಗಿ, ದಿಂಬು ಸರಿಮಾಡುವವರಂತೆ ಮೆಲ್ಲಗೆ ಹೇಳಿದರು: "ಹುಲಿಗೆಮ್ಮಾ, ಅದು ಬಾಜೂ ಮಂಚದಾಕಿದು. ನಿಂದು ಆರಾಮ."

"ಇಲ್ರೀ ಅವ್ವಾ, ನಂದಾ."

ಯಂಕಮ್ಮನಿಗೆ ಸಿಟ್ಟು ಬಂತು. ಅವಳೂ ಪಿಸುಗುಟ್ಟಿದಳು: "ನೋಡ್ರಿ ಮೇಡಂ, ನನ್ನ ಬ್ಯಾನಿ ಎಲ್ಲಾ ಇಕೀನಾ ಹೇಳಿಬಿಟ್ಲು. ಈಗ ನಾ ಏನ್ ಹೇಳ್ಲಿ?"

ನಾನು ಎರಡು ಮಂಚದ ನಡುವೆ ನಿಂತಿದ್ದೆ. ಎಲ್ಲವೂ ಕೇಳಿಸಿತು. ಇದನ್ನು ಬರೆಯುವಾಗ ಒಂದು ಕಡೆ ನಗು ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಬರುತ್ತದೆ.

ಹಿರಿಯ ಮೇಡಂ ಮಂಚದ ತುದಿಯ ಚಾರ್ಟ್ ನೋಡುತ್ತಿದ್ದರು. ಬಂದು ಒಂದು ಹೊತ್ತೂ ಆಗದವಳಿಗೆ ಕೆಲವು ದಿನಗಳ ಬಿ.ಪಿ. ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು. ನೂರಾ ಇಪ್ಪತ್ತು ಎಂಬತ್ತು. ನೂರಾ ಇಪ್ಪತ್ತು ಎಂಬತ್ತು. ಮಂಚದ ಪಕ್ಕದಲ್ಲಿ ಸಮವಸ್ತ್ರ ಹಾಕಿ ನಿಂತವಳು ಶಂಪಾ.

"ನೀನು ನೋಡಮ್ಮ ಈಗ" ಎಂದರು.

ಶಂಪಾ ಪಟ್ಟಿ ಸುತ್ತಿದಳು. ಗಾಳಿ ತುಂಬಿದಳು, ಬಿಟ್ಟಳು. ಮತ್ತೆ ತುಂಬಿದಳು. ಮತ್ತೆ. ಕಿವಿಯಿಂದ ನಳಿಕೆ ತೆಗೆದು ಸುಮಂಗಲಾ ಮೇಡಂ ಮುಖ ನೋಡಿದಳು. ಆ ಮುಖ ಏನು ಹೇಳಿತೋ ವಾರ್ಡಿಗೆಲ್ಲ ತಿಳಿಯಿತು.

"ಎಷ್ಟು?"

"ನೂರಾ ಎಂಬತ್ತು, ನೂರಾ ಇಪ್ಪತ್ರೀ."

ಹಿರಿಯ ಮೇಡಂ ಚಾರ್ಟ್ ನೋಡಿದರು, ಹುಡುಗಿಯನ್ನು ನೋಡಿದರು. "ಮೂರನೇ ವರ್ಷ. ಬಿ.ಪಿ. ನೋಡೋದಕ್ಕೆ ಬರಲ್ಲ" ಎಂದು ತರುಣನಿಗೆ ಬರೆದುಕೊಳ್ಳಲು ಹೇಳಿದರು.

ಸಾಹುಕಾರರಿಗೆ ಜೀವ ಬಂತು. "ಹೌದ್ರಿ ಮೇಡಂ. ಕ್ಯಾಂಪಿನ ಹುಡುಗಿ. ನಿಮ್ಮನ್ನ ನೋಡಿ ಹೆದರ್ಯಾಳ."

"ನಾ ಹೆದರಿಲ್ರೀ" ಎಂದಳು ಶಂಪಾ. "ಮೂರು ಸಲ ನೋಡೀನಿ. ಇಕಿ ಗೊಂಬಿ ಅಲ್ರೀ ಸಾರ್, ಕಿವಿಗಿ ಕೇಳಾಕತ್ತೈತಿ."

ಕೊನೆಯ ಮಾತು ನನಗೆ ಹೇಳಿದ್ದು. ನಾನು ಹುಲಿಗೆಮ್ಮನ ಸೀರೆಯ ಅಂಚು ಸರಿಸಿ ಪಾದದ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು. ಕಣ್ಣಿನ ಕೆಳಗೆ ಮುಖ ಊದಿತ್ತು. ಹುಡುಗಿಯ ಕೈಯಿಂದ ನಳಿಕೆ ತೆಗೆದುಕೊಂಡು ನಾನೇ ಕೇಳಿದೆ. ಅವಳು ಹೇಳಿದಷ್ಟೇ ಇತ್ತು. ಆ ಬಿ.ಪಿ. ಬಸುರಿಗೆ ಬಂದರೆ ಮುಂದೆ ಏನು ಬರುತ್ತದೆಂದು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮೊದಲು ತಾಯಿಗೆ ಫಿಟ್ಸು, ಆಮೇಲೆ ಇಬ್ಬರಲ್ಲಿ ಯಾರಾದರೂ, ಇಲ್ಲವೇ ಇಬ್ಬರೂ.

"ಮೇಡಂ" ಎಂದೆ, "ಈ ವಾರ್ಡಿನ್ಯಾಗ ಯಾರೂ ಪೇಷಂಟ್ ಅಲ್ಲ. ಈಕಿ ಒಬ್ಬಾಕಿ ಅದಾಳ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ."

ಸಾಹುಕಾರರು "ಸಾರ್" ಎಂದರು. ಅದೇ ಗಳಿಗೆಯಲ್ಲಿ ಹುಲಿಗೆಮ್ಮನ ಕಣ್ಣು ಮೇಲಾದವು, ಮೈ ಬಿಲ್ಲಿನಂತೆ ಬಿಗಿದು ಅದುರತೊಡಗಿತು.

ಶಂಪಾ ಮತ್ತು ಹಿರಿಯ ಮೇಡಂ ಒಟ್ಟಿಗೆ ಅವಳನ್ನು ಎಡಕ್ಕೆ ಹೊರಳಿಸಿದರು. ಯಾರೋ ಓಡಿ ಕ್ಯಾಂಟೀನಿನಿಂದ ಹೆರಿಗೆ ಡಾಕ್ಟರಮ್ಮನನ್ನು ಕರೆತಂದರು. ಅವರೂ ಆ ದಿನದ ಮಟ್ಟಿಗೆ ಲಿಂಗಸೂಗೂರಿನಿಂದ ಬಂದವರೇ, ಆದರೆ ಡಾಕ್ಟರಮ್ಮ ಮಾತ್ರ ಖರೇ ಇದ್ದರು. ಅರ್ಧ ತಿಂದ ಉಪ್ಪಿಟ್ಟು ಬಿಟ್ಟು ಬಂದು ಫಿಟ್ಸಿನ ಇಂಜೆಕ್ಷನ್ ಕೊಡಿ ಎಂದು ಕೈ ಚಾಚಿದರು. ಗಾಜಿನ ಕಪಾಟಿನಲ್ಲಿ ತುರ್ತು ಔಷಧಗಳ ಡಬ್ಬಿಗಳು ಹೆಸರು ಬರೆದ ಚೀಟಿಯೊಡನೆ ಸಾಲಾಗಿ, ಸುಂದರವಾಗಿ ಕೂತಿದ್ದವು. ಸುಮಂಗಲಾ ಮೇಡಂ ಓಡಿ ಹೋಗಿ ಆ ಡಬ್ಬಿ ತೆಗೆದರು. ಕೈಗೆ ಹಗುರಾಗಿ ಬಂತು. ಪಕ್ಕದ್ದು ತೆಗೆದರು, ಅದರ ಪಕ್ಕದ್ದು.

"ಖಾಲಿ ಅದಾವ್ರೀ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನನ್ನ ಕಾರು ತೆಗೀರಿ" ಎಂದರು ಹಿರಿಯ ಮೇಡಂ. "ಸರ್ಕಾರಿ ಆಸ್ಪತ್ರೆ ಎಲ್ಲಿದೆ?"

ಆಗ ನಮ್ಮ ದವಾಖಾನೆಯಲ್ಲಿ ಹಿಂದೆಂದೂ ಆಗದ ಪವಾಡ ನಡೆಯಿತು. ರೋಗಿಗಳೆಲ್ಲ ಎದ್ದು ಓಡಿ ಬಂದರು. ಹೃದ್ರೋಗಿ ಹಾಸಿಗೆಯ ತಲೆಭಾಗ ಹಿಡಿದ. ಮಹಿಬೂಬಸಾಬ್ ಪ್ಲಾಸ್ಟರಿನ ಕೈಯನ್ನೇ ಹಾಸಿಗೆಯ ಕೆಳಗೆ ಕೊಟ್ಟು ಎತ್ತಿದರು, ಪ್ಲಾಸ್ಟರು ಒಡೆದು ದಾರಿಯುದ್ದ ಉದುರಿತು. ಯಂಕಮ್ಮ ಚೀರುತ್ತ ಹಿಂದೆ ಓಡಿದಳು, ಹೊರಬಾಗಿಲ ಮೆಟ್ಟಿಲಲ್ಲಿ ಅವಳ ಸೀರೆಯಿಂದ ಕಂಬಳಿ ಜಾರಿ ಬಿತ್ತು. ತರುಣ ಅದನ್ನು ದಾಟಿ ಬಂದ.

ಸರಕಾರಿ ದವಾಖಾನೆಯಲ್ಲಿ ಡಬ್ಬಿಯೊಳಗೆ ಔಷಧವಿತ್ತು. ಚಾದರ ಹಳೆಯದು, ನೂರು ಸಲ ಒಗೆದದ್ದು. ಆಪರೇಶನ್ ಮಾಡಿದರು. ಹುಲಿಗೆಮ್ಮ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು.

ಹೊರಗಿನ ಬೆಂಚಿನ ಮೇಲೆ ಯಂಕಮ್ಮ ನನ್ನ ಪಕ್ಕ ಕುಳಿತಿದ್ದಳು. ನಾನು ಕೇಳದೆಯೇ ಹೇಳಿದಳು: "ಎರಡು ದಿನದಿಂದ ತಲಿ ಹಿಡಕೊಂಡು ಕುಂತಿದ್ಲ್ರೀ. ನಾ ಬಸುರಾಗ ಇದ್ದದ್ದಾ ಅಂದ್ಕೊಂಡೆ, ಬರಬ್ಯಾಡ ಅಂದೆ. 'ಹ್ಯಾಂಗೂ ದವಾಖಾನಿಗೆ ಕರ್ಯಾಕತ್ತಾರ, ಡಾಕ್ಟರ್ ಇದ್ದ ಇರ್ತಾರ, ನೋಡಿಬಿಡ್ತಾರ' ಅಂದ್ಲು. ಅದಕ್ಕಾ ಬಂದಿದ್ಲು."

ಆ ಶ್ರಾವಣದಲ್ಲಿ ಕಂಡ ಕೇಳಿದ ಎಲ್ಲದರಲ್ಲಿ ನನ್ನನ್ನು ಕೆಡವಿದ್ದು ಈ ಮಾತು. ನಾವೆಲ್ಲ ಸೇರಿ ಕಟ್ಟಿದ ನಾಟಕವನ್ನು ಒಬ್ಬಳು ನಿಜದ ದವಾಖಾನೆ ಎಂದು ನಂಬಿ ಬಂದಿದ್ದಳು.

ಹಿರಿಯ ಮೇಡಂ ನಲ್ಲಿಯ ಹತ್ತಿರ ಮೊಣಕೈವರೆಗೆ ಕೈ ತೊಳೆದುಕೊಂಡರು. ಶಂಪಾಳ ತಲೆಯ ಮೇಲೆ ಒದ್ದೆ ಕೈಯಿಟ್ಟು, "ನಿನ್ನ ಬಗ್ಗೆ ಬರೆಸಿದ್ದನ್ನು ಹೊಡೆದುಹಾಕ್ತೀನಿ. ಉಳಿದದ್ದು ಏನು ಕಂಡೆನೋ ಅದನ್ನೇ ಬರೀತೀನಿ" ಎಂದರು. ಬರೆದಿರುತ್ತಾರೆ, ನನಗೆ ಅನುಮಾನವಿಲ್ಲ.

ಶಾಲೆ ಮುಚ್ಚುತ್ತದೆಂದು ನಾನು ಪುಸ್ತಕ ಕಟ್ಟಿಟ್ಟುಕೊಂಡೆ. ಮಳೆ ನಿಂತು ಭತ್ತ ಹೊಡೆಗಟ್ಟುವ ಹೊತ್ತಿಗೆ ಬೆಂಗಳೂರಿನಿಂದ ಉತ್ತರ ಬಂತು. ಮಾನ್ಯತೆ ಮುಂದುವರಿದಿದೆ. ಅಷ್ಟೇ ಅಲ್ಲ, ತುರ್ತು ಚಿಕಿತ್ಸೆಯಲ್ಲಿ ಇಲ್ಲಿಯ ವಿದ್ಯಾರ್ಥಿಗಳ ತರಬೇತಿ ಪ್ರಶಂಸನೀಯ. ಆ ಮೇಡಂ ಕಳಿಸಿದ ಬರಹ ದಾರಿಯಲ್ಲಿ ಯಾವ ಮೇಜಿನ ಮೇಲೆ ಮಲಗಿ, ಯಾವ ಚಿಕಿತ್ಸೆ ಪಡೆದು, ಹೀಗೆ ಗುಣವಾಗಿ ಎದ್ದು ಬಂತೋ ನಾನರಿಯೆ.

ಸಾಹುಕಾರರು ನನಗೆ ಶಾಲು ಹೊದಿಸಿದರು. ಎಲ್ಲ ಮಕ್ಕಳ ಎದುರಿಗೆ. "ಸಾರ್, ಅವತ್ತು ನೀವು ಖರೇ ಹೇಳಿದಾಗ ನನಗ ಸಿಟ್ಟು ಬಂದಿತ್ತು. ಈಗ ತಿಳೀತು, ಎಂಥಾ ಹಿಕಮತ್ತು ಮಾಡೀರಿ ಅಂತ" ಎಂದರು. ಅವರ ಕಣ್ಣಲ್ಲಿ ನಿಜವಾದ ಅಭಿಮಾನವಿತ್ತು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ಭಯಂಕರವಾಗಿ ಹೊಗಳಿಲ್ಲ. ಶಾಲು ಹೊಸದು, ಅದಕ್ಕೂ ಅಂಗಡಿಯ ವಾಸನೆ. ಕುರ್ಚಿಯ ಮೇಲೆ ಅದನ್ನೂ ರಾಜೀನಾಮೆಯನ್ನೂ ಬಿಟ್ಟು ಬಂದೆ. ಸುಮಂಗಲಾ ಮೇಡಂ ನನಗಿಂತ ಮೊದಲೇ ಕೆಲಸ ಬಿಟ್ಟು ಹೋಗಿದ್ದರು, ಯಾರಿಗೂ ಹೇಳದೆ.

ಗೇಟಿನವರೆಗೆ ಶಂಪಾ ಬಂದಳು. "ನೀವು ಹೊಂಟ್ರಿ, ಚಲೋ ಆತು. ನಾವು ಎಲ್ಲಿಗೆ ಹೋಗೋಣ್ರಿ ಸಾರ್? ಕಲಿಯೋದು ಇಲ್ಲೇ ಅಲ್ರಿ?" ಎಂದಳು. ಲಿಂಗಸೂಗೂರಿನ ಬಸ್ಸು ಹತ್ತಿದೆ. ಆ ಪ್ರಶ್ನೆ ಮಸ್ಕಿ ದಾಟುವವರೆಗೂ ಜೊತೆಗೇ ಬಂತು. ಇಷ್ಟು ವರ್ಷವಾದರೂ ಇಳಿದು ಹೋಗಿಲ್ಲ.

"ನೂರಾ ಇಪ್ಪತ್ತು, ಎಂಬತ್ತು" ಎಂದಳು ಮಸ್ಕಿಯ ಹುಡುಗಿ, ಎರಡನೆಯ ಸಲ. ಈಗ ಬರೆದುಕೊಂಡಳು. "ಆರಾಮ ಅದೀರಿ ಅಜ್ಜಾ. ಬಿಸಲಿಗೆ ತಲಿ ತಿರಗೈತಿ."

"ಒಮ್ಮೆ ನೋಡಿದ್ರ ಸಾಲ್ತಿದ್ದಿಲ್ಲೇನವ್ವಾ?"

"ನಮ್ಮ ಮೇಡಂ ಹಂಗ ಕಲಿಸ್ಯಾರ್ರಿ. ಬ್ಯಾರೆ ಎಷ್ಟರೆ ಬರ್ಲಿ, ಬರಕೋರಿ ಅಂತಾರ. ನೂರಾ ಇಪ್ಪತ್ತು ಎಂಬತ್ತು ಬಂದ್ರ ಮಾತ್ರ ನಂಬಬ್ಯಾಡ್ರಿ, ಇನ್ನೊಮ್ಮೆ ನೋಡ್ರಿ ಅಂತಾರ."

"ಯಾವ ಸಾಲಿ ನಿಂದು?"

ಸಿಂಧನೂರಿನ ಅದೇ ಶಾಲೆಯ ಹೆಸರು ಹೇಳಿದಳು. ಗಿರಣಿ ಬಾಜೂಕಿನದು, ಅಂದಳು. ನಾನು ಎದ್ದು ಕುಳಿತೆ.

"ಯಾವ ಮೇಡಂ?"

"ಶಂಪಾ ಮೇಡಂ ರೀ. ಕ್ಯಾಂಪಿನವ್ರು. ಗೊತ್ತೇನ್ರಿ ನಿಮಗ?"

"ಯಾಕ ನಂಬಬಾರದು ಅಂತ ಕೇಳೀರೇನು ಅವರನ್ನ?"

"ಕೇಳೀವ್ರಿ. ಹೇಳಂಗಿಲ್ಲ. ಮಲಕೋರಿ, ಇನ್ನಾ ಮುಗಿದಿಲ್ಲ" ಎಂದು ಹುಡುಗಿ ಮಂಚದ ಕಾಲ ಕಡೆಗೆ ಹೋದಳು. ನನ್ನ ಧೋತರದ ಅಂಚು ಸರಿಸಿ ಪಾದದ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ಬೆರಳು ತೆಗೆದು, ಕುಳಿ ಉಳಿಯುತ್ತದೆಯೇ ಎಂದು ಬಗ್ಗಿ ನೋಡುತ್ತ ನಿಂತಳು.